ಸಂದೂಕದ ತಳದ ಪುಸ್ತಕ



ನಾನು ದೇವಸುಗೂರಿನವಳು. ಶಕ್ತಿನಗರದಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ ಈಗ ನಿವೃತ್ತಳಾಗಿ ಮನೆಯಲ್ಲಿದ್ದೇನೆ. ಹೋದ ವರ್ಷ ಮಾನ್ವಿಯಲ್ಲಿ ನಮ್ಮವ್ವ ತೀರಿಕೊಂಡಳು. ಕರ್ಮಗಳೆಲ್ಲ ಮುಗಿದ ಮೇಲೆ ಆಕೆಯ ಸಂದೂಕ ತೆಗೆದೆವು. ಇಲಕಲ್ ಸೀರೆಗಳ ಕೆಳಗೆ, ತಳದಲ್ಲಿ, ಕಂದು ರಟ್ಟಿನ ಸಣ್ಣದೊಂದು ಇಂಗ್ಲಿಷ್ ಪ್ರಾರ್ಥನೆಯ ಪುಸ್ತಕ ಸಿಕ್ಕಿತು. ಮೊದಲ ಹಾಳೆಗಳು ಹರಿದುಹೋಗಿವೆ. ಒಳರಟ್ಟಿನ ಮೇಲೆ ಮಸಿಯಲ್ಲಿ ಬರೆದ ‘ಥಾಮಸ್’ ಎಂಬ ಹೆಸರು ಓದಲು ಬರುತ್ತದೆ. ಅದರ ಮುಂದಿನದನ್ನು ಗೆದ್ದಲು ತಿಂದಿದೆ. ಕೆಳಗೆ ‘ಕಿಸ್ಟ್ನಾ’ ಎಂದಿದೆ.

ನಮ್ಮವ್ವನ ಅವ್ವನಿಗೆ ನಾವು ಆಯಿ ಅನ್ನುತ್ತಿದ್ದೆವು. ಆಯಿಯ ತಾಯಿ ಬೆಳ್ಳವ್ವ. ಆಕೆಯದು ಬೆಕ್ಕಿನ ಕಣ್ಣು, ಕೆಂಪು ಕೂದಲು ಎಂದು ಮನೆಯಲ್ಲಿ ಪಿಸುಮಾತಿತ್ತು. ಕೃಷ್ಣಾ ನದಿಗೆ ರೈಲಿನ ಸೇತುವೆ ಕಟ್ಟುವಾಗ ಮಣ್ಣು ಹೊರಲು ಹೋದ ಹೆಣ್ಣುಮಗಳೊಬ್ಬಳಿಗೂ ಅಲ್ಲಿದ್ದ ‘ಮಕಿನ್ ದೊರೆ’ಗೂ ಹುಟ್ಟಿದವಳು ಬೆಳ್ಳವ್ವ ಎಂದು ಆಯಿ ಒಮ್ಮೆ ಮಾತ್ರ ಬಾಯಿಬಿಟ್ಟಿದ್ದಳಂತೆ. ಬೆಳ್ಳವ್ವ ತೀರಿದ್ದು ನಮ್ಮಣ್ಣ ಹುಟ್ಟಿದ 1961ರಲ್ಲೇ. ಆಗ ಆಕೆಗೆ ಎಂಬತ್ತು ದಾಟಿತ್ತು ಅನ್ನುತ್ತಾರೆ.

ಪುಸ್ತಕ ಸಿಕ್ಕಾಗಿನಿಂದ ನನಗೆ ನಿದ್ದೆ ಇಲ್ಲ. ಆ ದೊರೆ ಯಾವ ದೇಶದವನು, ಯಾವ ಊರು ಬಿಟ್ಟು ಬಂದ ಎಂದು ತಿಳಿಯಬೇಕು ಅನಿಸುತ್ತದೆ. ಅಣ್ಣನಿಗೆ ಕೇಳಿದರೆ ಬೆಂಕಿಯಾಗುತ್ತಾನೆ. ಅವನ ಮೊಮ್ಮಗಳಿಗೆ ಸಂಬಂಧ ನೋಡುತ್ತಿದ್ದಾರೆ. ‘ಸತ್ತವರ ಸೆರಗು ಜಗ್ಗಬೇಡ’ ಅನ್ನುತ್ತಾನೆ. ತಂಗಿಯ ಮಗನದು ಇನ್ನೊಂದು ಹುಚ್ಚು. ಹೈದರಾಬಾದಿನ ಯಾವನೋ ಏಜೆಂಟ್ ಒಂದೂವರೆ ಲಕ್ಷ ಕೊಟ್ಟರೆ ಈ ದೊರೆಯ ಕಾಗದ ತೆಗೆಸಿ ಬ್ರಿಟಿಷ್ ಪಾಸ್‌ಪೋರ್ಟ್ ಮಾಡಿಸಿಕೊಡುತ್ತೇನೆ ಎಂದಿದ್ದಾನಂತೆ. ಹುಡುಕಲೇ, ಬಿಡಲೇ? ಅವ್ವ ಬಚ್ಚಿಟ್ಟದ್ದನ್ನು ನಾನು ಬಯಲಿಗೆಳೆದರೆ ಅದು ದ್ರೋಹವೇ?

— ಒಬ್ಬ ಓದುಗಿ, ದೇವಸುಗೂರು

ತಾಯಿ,

ಎಲ್ಲಕ್ಕಿಂತ ಮೊದಲು ಪಾಸ್‌ಪೋರ್ಟಿನ ಮಾತು ಮುಗಿಸಿಬಿಡೋಣ, ಯಾಕೆಂದರೆ ಅಲ್ಲಿ ದುಡ್ಡು ಹೋಗುವುದಿದೆ. ಬ್ರಿಟನ್ನಿನಲ್ಲಿ ವಂಶದ ಆಧಾರದ ಮೇಲೆ ಕೊಡುವ ವೀಸಾ ಒಂದಿದೆ, ನಿಜ. ಅದಕ್ಕೆ ಅರ್ಜಿದಾರನ ಅಜ್ಜ ಅಥವಾ ಅಜ್ಜಿ ಅಲ್ಲಿ ಹುಟ್ಟಿರಬೇಕು. ಐರ್ಲೆಂಡಿನವರೂ ಹೆಚ್ಚುಕಡಿಮೆ ಅಜ್ಜ-ಅಜ್ಜಿಯ ಬಳಿಗೇ ಗೆರೆ ಎಳೆಯುತ್ತಾರೆ. ನಿಮ್ಮ ತಂಗಿಯ ಮಗನಿಂದ ದೊರೆಯವರೆಗೆ ಎಣಿಸಿ: ಅವನ ತಾಯಿ, ನಿಮ್ಮವ್ವ, ಆಯಿ, ಬೆಳ್ಳವ್ವ, ಆಮೇಲೆ ದೊರೆ. ಐದು ಮೆಟ್ಟಿಲು. ದೊರೆಯ ಜನ್ಮಪತ್ರ ಬಂಗಾರದ ತಗಡಿನ ಮೇಲೆ ಬರೆದಿದ್ದರೂ ಅದರಿಂದ ಪಾಸ್‌ಪೋರ್ಟ್ ಹುಟ್ಟುವುದಿಲ್ಲ. ನಮ್ಮ ದೇಶದಲ್ಲೂ ಅದರಿಂದ ಏನೂ ಸಿಗದು. ಸಂವಿಧಾನದ 366(2)ನೇ ವಿಧಿ ಆಂಗ್ಲೋ ಇಂಡಿಯನ್ ಯಾರೆಂದು ಹೇಳುವಾಗ ತಂದೆಯ ಕಡೆಯ ಗಂಡುಸಾಲನ್ನು ಮಾತ್ರ ಹಿಡಿಯುತ್ತದೆ. ಆ ಲೆಕ್ಕಕ್ಕೆ ಬೆಳ್ಳವ್ವ ಬಂದಾಳು, ಆಕೆಯ ಮಗಳು ಆಯಿ ಬರುವುದಿಲ್ಲ, ನೀವಂತೂ ದೂರ. ಆ ಒಂದೂವರೆ ಲಕ್ಷವನ್ನು ಹುಡುಗ ಬ್ಯಾಂಕಿನಲ್ಲಿಡಲಿ.

ಈಗ ನಿದ್ದೆಯ ಮಾತು.

ದ್ರೋಹವೇ ಎಂದು ಕೇಳಿದ್ದೀರಿ. ನಿಮ್ಮವ್ವ ಆ ಪುಸ್ತಕವನ್ನು ಯಾವತ್ತಾದರೂ ಒಲೆಗೆ ಹಾಕಬಹುದಿತ್ತು. ಅಷ್ಟು ವರ್ಷದ ಬದುಕಿನಲ್ಲಿ ಎಷ್ಟು ಸಲ ಮನೆ ಬದಲಾಗಿರಬೇಕು, ಎಷ್ಟು ದೀಪಾವಳಿಗೆ ಸಂದೂಕ ಜಾಡಿಸಿರಬೇಕು! ಇಂಗ್ಲಿಷ್ ಓದಲು ಬಾರದ, ಆ ದೇವರಿಗೆ ಕೈ ಮುಗಿಯದ ಮನೆಯಲ್ಲಿ ಆ ಪುಸ್ತಕ ಮೂರು ತಲೆಮಾರು ಹೆಣ್ಣುಮಕ್ಕಳ ಕೈ ದಾಟಿ ಬಂದಿದೆ. ಬೆಳ್ಳವ್ವ ಇಟ್ಟುಕೊಂಡಳು, ಆಯಿ ಇಟ್ಟುಕೊಂಡಳು, ಅವ್ವ ಸೀರೆಯ ಕೆಳಗೆ ಇಟ್ಟಳು. ಬಚ್ಚಿಡುವುದು ಬೇರೆ, ಜೋಪಾನ ಮಾಡುವುದು ಬೇರೆ. ಅದು ಎರಡನೆಯದು ಎಂದು ನನಗನಿಸುತ್ತದೆ. ಸಂದೂಕ ತೆಗೆಯುವವಳು ನೀವೇ ಎಂದು ಆಕೆಗೆ ಗೊತ್ತಿರಲಿಲ್ಲವೇ?

ಹಾಗಾಗಿ ಹುಡುಕಿ. ಆದರೆ ಲಂಡನ್ನಿನಿಂದ ಶುರು ಮಾಡಬೇಡಿ. ಬೇರು ಹುಡುಕುವವರು ಮಾಡುವ ದೊಡ್ಡ ತಪ್ಪು ಅದು: ದೊರೆಯ ಹೆಸರನ್ನು ಗಣಕಯಂತ್ರಕ್ಕೆ ಹಾಕಿ, ಬಂದ ಮೊದಲ ಥಾಮಸ್‌ನನ್ನು ಮುತ್ಯಾ ಮಾಡಿಕೊಂಡು, ಅವನ ಕುಲದ ಲಾಂಛನ ಕೊಂಡು ಗೋಡೆಗೆ ತಗುಲಿಸುವುದು. ಗೊತ್ತಿರುವುದರಿಂದ ಗೊತ್ತಿಲ್ಲದ್ದರ ಕಡೆಗೆ ಒಂದೊಂದೇ ತಲೆಮಾರು ಹಿಂದಕ್ಕೆ ನಡೆಯಬೇಕು. ನಿಮ್ಮ ನಡಿಗೆ ಮಾನ್ವಿ, ದೇವದುರ್ಗ, ರಾಯಚೂರಿನೊಳಗೇ ಬಹಳ ದೂರ ಸಾಗುವುದಿದೆ.

ಸೇತುವೆಯ ಕಥೆಯನ್ನೇ ಒಂದಿಷ್ಟು ತಟ್ಟಿ ನೋಡೋಣ. ಮುಂಬಯಿಯಿಂದ ಸೊಲ್ಲಾಪುರ, ಕಲಬುರಗಿ, ವಾಡಿ, ಯಾದಗಿರಿ ಹಾದು ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಕೃಷ್ಣೆಯನ್ನು ದಾಟಿ ರಾಯಚೂರು ಮುಟ್ಟಿದ್ದು 1871ರಲ್ಲಿ. ಅದೇ ವರ್ಷ ಮದರಾಸಿನ ಕಡೆಯಿಂದ ಗುಂತಕಲ್ಲು, ಆದವಾನಿ ಹಾದು ತುಂಗಭದ್ರೆ ದಾಟಿ ಬಂದ ಮದ್ರಾಸ್ ರೈಲ್ವೆಯೂ ಅಲ್ಲಿಗೇ ಬಂದು ಸೇರಿತು. ಅಂದರೆ ನಿಮ್ಮ ಊರಿನ ಪಕ್ಕದ ಹೊಳೆಯಲ್ಲಿ ಕಲ್ಲಿನ ಕಂಬ ಎದ್ದದ್ದು, ಮಣ್ಣು ಹೊರುವ ಬುಟ್ಟಿಗಳು ಸಾಲುಗಟ್ಟಿದ್ದು, 1871ಕ್ಕೆ ಮುಂಚಿನ ಕೆಲವು ವರ್ಷಗಳಲ್ಲಿ. ಶಕ್ತಿನಗರದ ಹೊಗೆಕೊಳವೆಗಳು ಏಳುವುದಕ್ಕೆ ನೂರು ವರ್ಷಕ್ಕೂ ಮೊದಲು.

ಬೆಳ್ಳವ್ವ ಆ ಸೇತುವೆಯ ಕೂಸಾಗಿದ್ದರೆ 1961ರಲ್ಲಿ ಆಕೆಗೆ ತೊಂಬತ್ತಾಗಿರಬೇಕು. ನೀವು ಹೇಳುವುದು ‘ಎಂಬತ್ತು ದಾಟಿತ್ತು’ ಎಂದು. ನಮ್ಮ ಕಡೆ ವಯಸ್ಸು ಹೇಳುವ ರೀತಿ ನನಗೆ ಗೊತ್ತು. ನನ್ನ ತಂದೆಯ ಜನ್ಮದಿನ ಹುಡುಕಿಕೊಂಡು ಅವರು ಓದಿದ ಶಾಲೆಗೆ ಹೋಗಿದ್ದೆ. ಆ ವರ್ಷ ಒಂದನೇ ತರಗತಿಗೆ ಸೇರಿದ ಅಷ್ಟೂ ಮಕ್ಕಳು ಜೂನ್ 1ರಂದೇ ಹುಟ್ಟಿದ್ದರು! ಮಾಸ್ತರರ ಕೈಗೆ ಆ ತಾರೀಖು ಹತ್ತಿಬಿಟ್ಟಿತ್ತು. ಎಂಬತ್ತು ಅಂದದ್ದು ತೊಂಬತ್ತೂ ಆದೀತು, ಎಪ್ಪತ್ತೈದೂ ಆದೀತು. ಎಪ್ಪತ್ತೈದೋ ಎಂಬತ್ತೊಂದೋ ಆಗಿದ್ದರೆ ಆಕೆ ಹುಟ್ಟಿದ್ದು 1880ರ ಈಚೆಗೆ, ಸೇತುವೆ ಕಟ್ಟಿದವರು ಡೇರೆ ಕಿತ್ತುಕೊಂಡು ಹೋಗಿ ಹತ್ತು ವರ್ಷವಾದ ಮೇಲೆ. ಆಗ ಮಕಿನ್ ದೊರೆ ಸೇತುವೆ ಕಟ್ಟಿದವನಲ್ಲ. ಹಳಿ ಕಾಯುವ ಇನ್‌ಸ್ಪೆಕ್ಟರನೋ, ಎಂಜಿನ್ ಡ್ರೈವರನೋ, ಗಾರ್ಡೋ ಆಗಿರಬಹುದು. ರೈಲಿನವನೇ ಆಗಬೇಕೆಂದೂ ಇಲ್ಲ. 1886ರಲ್ಲಿ ಹೈದರಾಬಾದ್ ಡೆಕ್ಕನ್ ಕಂಪನಿ ಹುಟ್ಟಿದ ಮೇಲೆ ಹಟ್ಟಿ, ವಂದಲಿ ಸೀಮೆಗೆ ಚಿನ್ನದ ಬೆನ್ನು ಹತ್ತಿ ಬಿಳಿಯರು ಬಂದರು. ಲಿಂಗಸುಗೂರಿನಲ್ಲಿ ಹೈದರಾಬಾದ್ ಕಾಂಟಿಂಜೆಂಟ್ ಪಡೆಯ ದಂಡು ಇತ್ತು, ಅದರ ಅಧಿಕಾರಿಗಳು ಯುರೋಪಿಯನ್ನರು. ಮನೆಯ ಬಾಯಿಮಾತಿನಲ್ಲಿ ಕಾಲ ಕಳೆದಂತೆ ಎಲ್ಲ ರೈಲಿನವರೂ ಸೇತುವೆ ಕಟ್ಟಿದ ಎಂಜಿನಿಯರುಗಳಾಗುತ್ತಾರೆ, ಎಲ್ಲ ಸಿಪಾಯಿಗಳೂ ಕರ್ನಲ್‌ಗಳಾಗುತ್ತಾರೆ. ಯಾರ ಮನೆಯ ಮುತ್ಯಾನೂ ಹಳಿ ಜೋಡಿಸುವ ಪ್ಲೇಟ್‌ಲೇಯರ್ ಆಗಿ ಉಳಿಯುವುದಿಲ್ಲ.

ಈ ಗಂಟು ಬಿಚ್ಚಲು ಕಾಗದ ಬೇಡ, ಮುದುಕರ ನೆನಪು ಸಾಕು. ಅದಕ್ಕೆ ವರ್ಷ ಕೇಳಬಾರದು, ಬರಗಾಲ ಕೇಳಬೇಕು. 1876ರಿಂದ 78ರವರೆಗಿನ ಧಾತು-ಈಶ್ವರ ಸಂವತ್ಸರದ ಬರವನ್ನು ನಮ್ಮ ಸೀಮೆ ಮರೆತಿಲ್ಲ. ಬೆಳ್ಳವ್ವ ಆ ಬರದಲ್ಲಿ ಬದುಕಿ ಉಳಿದವಳು ಎಂದು ಯಾರಾದರೂ ಹೇಳಿದ್ದರೆ ಸೇತುವೆಯ ಕಥೆಗೆ ಜೀವ ಬಂತು. ‘ಬರ ಆದ ಮೇಲೆ ಹುಟ್ಟಿದಾಕಿ’ ಅಂದರೆ ಬೇರೆ ದಾರಿ. ಹಾಗೆಯೇ ಆಯಿಗೆ ರಜಾಕಾರರ ಹಾವಳಿಯ ಹೊತ್ತಿಗೆ, ಅಂದರೆ 1948ರಲ್ಲಿ, ಎಷ್ಟು ಮಕ್ಕಳಿದ್ದರು, ಹಿರಿಯದಕ್ಕೆ ಲಗ್ನವಾಗಿತ್ತೇ ಎಂದು ಕೇಳಿ. ಒಂದು ಹಾಳೆಯ ಮೇಲೆ ಇವನ್ನೆಲ್ಲ ಸಾಲಾಗಿ ಬರೆದರೆ ಬೆಳ್ಳವ್ವನ ಹುಟ್ಟು ಐದಾರು ವರ್ಷದ ಕಿಂಡಿಯೊಳಗೆ ತಾನಾಗಿ ಬಂದು ಕೂರುತ್ತದೆ.

ನಿಮ್ಮ ಮನೆತನಕ್ಕೆ ಹೆಳವರು ಬರುತ್ತಿದ್ದರೇ? ಎತ್ತಿನ ಮೇಲೆ ಬಂದು, ಅಂಗಳದಲ್ಲಿ ನಿಂತು, ಏಳೆಂಟು ತಲೆಮಾರಿನ ಹೆಸರು ಉಸಿರು ಬಿಡದೆ ಹೇಳಿ, ಕಾಳು-ಬಟ್ಟೆ ಪಡೆದು ಹೋಗುವವರು. ಯುರೋಪಿನ ಪಾದ್ರಿಗಳು ಚರ್ಚಿನ ದಫ್ತರಿನಲ್ಲಿ ಬರೆದಿಟ್ಟು ಮಾಡಿದ ಕೆಲಸವನ್ನೇ ಇವರು ನಾಲಗೆಯ ಮೇಲೂ ಹಳೆಯ ಹೊತ್ತಗೆಗಳಲ್ಲೂ ಮಾಡಿಕೊಂಡು ಬಂದವರು. ಅವರ ವಂಶಾವಳಿ ಸಾಮಾನ್ಯವಾಗಿ ಗಂಡುಸಂತತಿಯದು, ಹೆಣ್ಣು ಬರುವುದು ಯಾರದೋ ಹೆಂಡತಿಯಾಗಿ. ಆದರೂ ಬೆಳ್ಳವ್ವನನ್ನು ತಂದುಕೊಂಡ ಮನೆಯ ಹೆಳವ ಆಕೆಯ ತವರು ಯಾವುದೆಂದು ಹೇಳುತ್ತಾನೋ, ಅಲ್ಲಿ ತಡವರಿಸುತ್ತಾನೋ ಕೇಳಿಸಿಕೊಳ್ಳಿ. ಆ ತಡವರಿಕೆಯನ್ನೂ ಬರೆದುಕೊಳ್ಳಿ.

ಇನ್ನು ಪುಸ್ತಕ. ಅದನ್ನು ಲ್ಯಾಮಿನೇಷನ್ ಮಾಡಿಸಬೇಡಿ, ಅಂಟು ಹಚ್ಚಬೇಡಿ, ಬೇವಿನ ಎಲೆಯನ್ನೂ ನಡುವೆ ಇಡಬೇಡಿ, ಕಲೆ ಹತ್ತುತ್ತದೆ. ಹತ್ತಿಯ ಬಟ್ಟೆಯಲ್ಲಿ ಸುತ್ತಿ ಒಣ ಜಾಗದಲ್ಲಿಡಿ. ಅದಕ್ಕೂ ಮುಂಚೆ ಪ್ರತಿ ಪುಟದ ಫೋಟೋ ತೆಗೆಯಿರಿ, ಖಾಲಿ ಪುಟದ್ದೂ. ಮೊದಲ ಹಾಳೆಗಳು ಹರಿದದ್ದಕ್ಕೆ ಮರುಗಬೇಡಿ, ಕಾಲ ಕಂಡುಹಿಡಿಯಲು ಇನ್ನೊಂದು ದಾರಿಯಿದೆ. ಅದು ಇಂಗ್ಲೆಂಡಿನ ಚರ್ಚಿನ ‘ಬುಕ್ ಆಫ್ ಕಾಮನ್ ಪ್ರೇಯರ್’ ಆಗಿದ್ದರೆ ಅದರಲ್ಲಿ ರಾಜಮನೆತನಕ್ಕಾಗಿ ಮಾಡುವ ಪ್ರಾರ್ಥನೆ ಇರುತ್ತದೆ, ಆಳುತ್ತಿದ್ದವರ ಹೆಸರನ್ನೇ ಅಚ್ಚು ಮಾಡಿರುತ್ತಾರೆ. ವಿಕ್ಟೋರಿಯಾ ಎಂದಿದ್ದರೆ 1901ಕ್ಕೆ ಮುಂಚಿನದು. ಎಡ್ವರ್ಡ್ ಎಂದಿದ್ದರೆ 1901ರಿಂದ 1910ರ ನಡುವಿನದು. ವಿಕ್ಟೋರಿಯಾಳ ಜತೆಗೆ ಆಕೆಯ ಗಂಡ ಆಲ್ಬರ್ಟ್‌ನ ಹೆಸರೂ ಇದ್ದರೆ ಅದು 1861ಕ್ಕಿಂತ ಹಳೆಯದು, ಅಂದರೆ ಸೇತುವೆಗಿಂತಲೂ ಹಿರಿದು, ಯಾರೋ ತಾಯಿ ಹಡಗು ಹತ್ತುವ ಮಗನ ಕೈಗಿಟ್ಟದ್ದಿರಬಹುದು. ರಾಜರ ಪ್ರಾರ್ಥನೆಯೇ ಇಲ್ಲದೆ ಜಪಮಾಲೆ, ಮೇರಿಯಮ್ಮ, ಲ್ಯಾಟಿನ್ ಸಾಲುಗಳು ಕಂಡರೆ ದೊರೆ ಕ್ಯಾಥೋಲಿಕ್. ಆಗ ಐರ್ಲೆಂಡಿನ ಕಡೆಗೂ ಕಣ್ಣು ಹಾಯಿಸಬೇಕು. ಈ ಒಂದು ಸಂಗತಿ ಗೊತ್ತಾದರೆ ಮುಂದೆ ಯಾವ ಚರ್ಚಿನ ದಫ್ತರು ತೆರೆಯಬೇಕು ಎಂಬ ಅರ್ಧ ಚಿಂತೆ ಹೋಯಿತು.

‘ಕಿಸ್ಟ್ನಾ’ ಎಂಬುದು ಕೃಷ್ಣೆಗೆ ಅಂದಿನ ಇಂಗ್ಲಿಷಿನವರು ಮಾಡಿದ ಅವತಾರ. ನಿಮ್ಮ ಎದುರು ದಂಡೆಯ ಕೃಷ್ಣಾ ಸ್ಟೇಷನ್ನೇ ಅದು ಎಂದು ನಿಮಗೆ ಥಟ್ಟನೆ ಹೊಳೆದಿರಬೇಕು. ಇರಬಹುದು. ಆದರೆ ಮದರಾಸು ಪ್ರಾಂತದಲ್ಲಿ ಮಚಲೀಪಟ್ಟಣದ ಕಡೆ ಕಿಸ್ಟ್ನಾ ಎಂಬ ಇಡೀ ಜಿಲ್ಲೆಯೇ ಇತ್ತು. ದಾಖಲೆಯಲ್ಲಿ ಆ ಹೆಸರು ಕಂಡಕೂಡಲೇ ಕುಣಿಯಬೇಡಿ, ಯಾವ ಕಿಸ್ಟ್ನಾ ಎಂದು ನೋಡಿ.

ಮಕಿನ್ ಎಂಬ ಹೆಸರೂ ಅಷ್ಟೇ. ಮೂರು ತಲೆಮಾರಿನ ನಾಲಗೆ ಉಜ್ಜಿ ಉಜ್ಜಿ ಅದರ ಮೂಲೆಗಳನ್ನು ಸವೆಸಿದೆ. ಮೆಕೀನ್, ಮೀಕಿನ್, ಮ್ಯಾಕಿನನ್, ಮಕ್ವೀನ್ ಯಾವುದೂ ಆಗಬಹುದು. ಜಾಲತಾಣದ ಹುಡುಕುವ ಪೆಟ್ಟಿಗೆಯಲ್ಲಿ ಎಂ, ಕೆ, ಎನ್ ಅಕ್ಷರಗಳ ನಡುವೆ ನಕ್ಷತ್ರ ಚಿಹ್ನೆ ಹಾಕಿದರೆ ನಡುವಣ ಅಕ್ಷರ ಏನೇ ಇದ್ದರೂ ತೋರಿಸುವ ವ್ಯವಸ್ಥೆ ಕೆಲವು ಕಡೆ ಇದೆ. ಮಕ್ವೀನ್ ಥರದ್ದಕ್ಕೆ ಕೆ ಇರುವಲ್ಲಿ ಸಿ, ಕ್ಯೂ ಹಾಕಿಯೂ ನೋಡಿ. ನನಗೆ ಇನ್ನೊಂದು ಗುಮಾನಿಯೂ ಇದೆ, ಹೇಳಿಬಿಡುತ್ತೇನೆ. ಅದು ಹೆಸರೇ ಅಲ್ಲದಿರಬಹುದು. ‘ಮಶಿನ್ ದೊರೆ’, ‘ಮೆಕ್ಯಾನಿಕ್ ದೊರೆ’ ಎಂಬುದು ಬಾಯಿಂದ ಬಾಯಿಗೆ ಮಕಿನ್ ಆಗಿದ್ದರೆ? ನಮ್ಮವರು ಮನುಷ್ಯನನ್ನು ಕಸುಬಿನಿಂದ ಕರೆಯುವವರಲ್ಲವೇ, ಕಾಲುವೆ ಸಾಹೇಬ, ಸರ್ವೆ ಸಾಹೇಬ ಎಂದು? ಈ ಗುಮಾನಿಯನ್ನು ಹಾಳೆಯ ಒಂದು ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ.

ಇಷ್ಟು ಕೈಯಲ್ಲಿದ್ದರೆ ದಫ್ತರುಗಳ ಕಡೆ ಹೋಗಬಹುದು. ಈಸ್ಟ್ ಇಂಡಿಯಾ ಕಂಪನಿಯ ಕಾಲದಿಂದಲೇ ಇಲ್ಲಿನ ಪಾದ್ರಿಗಳು ತಾವು ಮಾಡಿಸಿದ ದೀಕ್ಷಾಸ್ನಾನ, ಮದುವೆ, ಮಣ್ಣುಗಳ ದಾಖಲೆಯ ನಕಲನ್ನು ಲಂಡನ್ನಿಗೆ ಕಳಿಸುತ್ತಿದ್ದರು. ಮದರಾಸಿನವು 1698ರಿಂದ, ಮುಂಬಯಿಯವು 1709ರಿಂದ, ಬಂಗಾಳದವು 1713ರಿಂದ ಇವೆ. ಎಲ್ಲವೂ ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಬಂಗಾಳಕ್ಕೆ ಎನ್/1, ಮದರಾಸಿಗೆ ಎನ್/2, ಮುಂಬಯಿಗೆ ಎನ್/3 ಎಂದು ಗುರುತು. ರಾಯಚೂರಿನವರ ಪಾಡು ಇಲ್ಲಿ ವಿಚಿತ್ರ. ಊರು ನಿಜಾಮರದು. ಉತ್ತರದ ಹಳಿ ಮುಂಬಯಿ ಕಂಪನಿಯದು, ದಕ್ಷಿಣದ ಹಳಿ ಮದರಾಸಿನದು. ಒಂದೇ ಪ್ಲಾಟ್‌ಫಾರ್ಮಿನಲ್ಲಿ ಚಹಾ ಕುಡಿದ ಇಬ್ಬರು ಡ್ರೈವರುಗಳಲ್ಲಿ ಒಬ್ಬನ ಮದುವೆ ಎನ್/2ರಲ್ಲಿ, ಇನ್ನೊಬ್ಬನದು ಎನ್/3ರಲ್ಲಿ ಇರಬಹುದು. ಆದ್ದರಿಂದ ಎರಡನ್ನೂ ನೋಡಬೇಕು. ಊರಿನ ಹೆಸರನ್ನು ಅವರು ರಾಯಿಚೋರ್ ಎಂದು ಬರೆದರು, ಲಿಂಗಸುಗೂರನ್ನು ಲಿಂಗಸೂಗೂರ್ ಎಂದರು. ಅದಕ್ಕೂ ಸಿದ್ಧರಾಗಿರಿ.

ಇದಕ್ಕೆಲ್ಲ ಲಂಡನ್ನಿಗೆ ಹೋಗಬೇಕಿಲ್ಲ. ಮಾರ್ಮನ್ ಚರ್ಚಿನವರು ನಡೆಸುವ ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಭಾರತದ ಈ ದಾಖಲೆಗಳ ಸೂಚಿ ಪುಕ್ಕಟೆ ಸಿಗುತ್ತದೆ. ಫಿಬಿಸ್ ಎಂದು ಚಿಕ್ಕದಾಗಿ ಕರೆಯುವ ‘ಫ್ಯಾಮಿಲೀಸ್ ಇನ್ ಬ್ರಿಟಿಷ್ ಇಂಡಿಯಾ ಸೊಸೈಟಿ’ 1998ರಿಂದ ಇದೇ ಕೆಲಸಕ್ಕೆ ಮೀಸಲಾದ ಸಂಘ. ಅವರ ಸೂಚಿಯನ್ನೂ ದುಡ್ಡಿಲ್ಲದೆ ಹುಡುಕಬಹುದು. ಮೂಲ ಪುಟದ ಚಿತ್ರಗಳು ಫೈಂಡ್‌ಮೈಪಾಸ್ಟ್‌ನಲ್ಲಿವೆ, ಅದಕ್ಕೆ ಶುಲ್ಕ ಉಂಟು. ಸೂಚಿಯಲ್ಲಿ ಏನಾದರೂ ಸಿಕ್ಕ ಮೇಲೆ ಒಂದು ತಿಂಗಳಿಗೆ ಮಾತ್ರ ಚಂದಾ ಕಟ್ಟಿದರಾಯಿತು. ಸೂಚಿಯನ್ನು ಓದಿ ನಿಲ್ಲಬೇಡಿ, ಪುಟದ ಚಿತ್ರ ನೋಡಲೇಬೇಕು. ದೀಕ್ಷಾಸ್ನಾನದ ದಾಖಲೆಯಲ್ಲಿ ತಂದೆಯ ಕಸುಬು ಮತ್ತು ವಾಸದ ಊರಿಗೆ ಅಂಕಣವಿರುತ್ತದೆ. ಕಸುಬು ‘ಡ್ರೈವರ್’ ಎಂದಿದೆಯೋ ‘ಮೈನರ್’ ಎಂದಿದೆಯೋ ನೋಡಿದರೆ ನಮ್ಮ ಸೇತುವೆ-ಗಣಿಯ ತಗಾದೆ ಅಲ್ಲೇ ಮುಗಿದೀತು.

ಹತ್ತೊಂಬತ್ತನೇ ಶತಮಾನದ ಎರಡನೇ ಅರ್ಧದ ಮದುವೆಯ ದಾಖಲೆ ಇದಕ್ಕಿಂತ ಬೆಲೆಯುಳ್ಳದ್ದು, ಅದರಲ್ಲಿ ವರನ ತಂದೆಯ ಹೆಸರಿರುತ್ತದೆ. ಸಾಗರ ದಾಟಲು ಅದೇ ದೋಣಿ. ತಂದೆಯ ಹೆಸರೂ ಮಗನ ವಯಸ್ಸೂ ಸಿಕ್ಕರೆ ಇಂಗ್ಲೆಂಡಿನಲ್ಲಿ 1837ರ ಜುಲೈನಿಂದ ಸರಕಾರಿ ಜನನ ನೋಂದಣಿ ಇದೆ, ಸ್ಕಾಟ್ಲೆಂಡಿನಲ್ಲಿ 1855ರಿಂದ, ಐರ್ಲೆಂಡಿನಲ್ಲಿ ಎಲ್ಲರಿಗೂ 1864ರಿಂದ. 1851ರ ಬ್ರಿಟಿಷ್ ಜನಗಣತಿ ಮನೆಮನೆಯ ಹೆಸರು, ವಯಸ್ಸು, ಹುಟ್ಟಿದ ಊರು ಬರೆದುಕೊಂಡಿದೆ. ಎಂಟು ವರ್ಷದ ಥಾಮಸ್ ಯಾವುದೋ ಬೀದಿಯಲ್ಲಿ ಅಪ್ಪ-ಅವ್ವ, ತಮ್ಮಂದಿರ ಜತೆ ಕೂತಿರುವುದು ನಿಮಗಲ್ಲಿ ಕಂಡೀತು. ಗಣಿಯವನಾಗಿದ್ದರೆ ಕಾರ್ನ್‌ವಾಲ್ ಕಡೆ ನೋಡಿ. ತವರದ ಗಣಿಗಳು ಮುಚ್ಚುತ್ತ ಬಂದಂತೆ ಅಲ್ಲಿಯ ಗಣಿಗಾರರು ಕೋಲಾರದವರೆಗೂ ಬಂದವರು, ಆ ಸೀಮೆಯ ದಾಖಲೆಗಳು ರೆಡ್ರುತ್ ಪಟ್ಟಣದ ಕ್ರೆಸನ್ ಕೆರ್ನೋ ಎಂಬ ಭಂಡಾರದಲ್ಲಿವೆ. ಐರಿಷ್ ಆಗಿದ್ದರೆ ಮಾತ್ರ ಗಟ್ಟಿ ಮನಸ್ಸು ಮಾಡಿಕೊಳ್ಳಿ. 1922ರಲ್ಲಿ ಅಂತರ್ಯುದ್ಧದ ಬೆಂಕಿಗೆ ಡಬ್ಲಿನ್ನಿನ ದಾಖಲೆ ಭಂಡಾರವೇ ಬೂದಿಯಾಯಿತು. ನಮ್ಮಲ್ಲಿ ಗೆದ್ದಲು ತಿಂದರೆ ಅಲ್ಲಿ ಬೆಂಕಿ ತಿಂದಿದೆ.

ದೊರೆ ಇಲ್ಲೇ ಸತ್ತಿದ್ದರೆ ಇನ್ನೊಂದು ಪುಸ್ತಕ ಬೇಕು. ಓ. ಎಸ್. ಕ್ರಾಫ್ಟನ್ ಎಂಬವರು ನಿಜಾಮರ ರಾಜ್ಯದಲ್ಲಿರುವ ಯುರೋಪಿಯನ್ನರ ಗೋರಿಬರಹಗಳನ್ನೆಲ್ಲ ಪಟ್ಟಿ ಮಾಡಿ 1941ರಲ್ಲಿ ಪ್ರಕಟಿಸಿದರು. ರಾಯಚೂರು, ಲಿಂಗಸುಗೂರು ಆಗ ಅದೇ ರಾಜ್ಯ. ಆದವಾನಿ, ಬಳ್ಳಾರಿಯಲ್ಲಿ ಮಣ್ಣಾಗಿದ್ದರೆ ಜೆ. ಜೆ. ಕಾಟನ್ 1905ರಲ್ಲಿ ಮಾಡಿದ ಮದರಾಸು ಪ್ರಾಂತದ ಪಟ್ಟಿ. ಬ್ರಿಟಿಷ್ ಲೈಬ್ರರಿಯಲ್ಲೇ ರೈಲ್ವೆ ಕಂಪನಿಗಳ ಕಾಗದಗಳು ಎಲ್/ಎಜಿ/46 ಎಂಬ ಗುರುತಿನಲ್ಲೂ, ಉಯಿಲುಗಳು ಎಲ್/ಎಜಿ/34/29ರಲ್ಲೂ ಇವೆ. ಉಯಿಲುಗಳನ್ನು ಯಾರೂ ನೋಡುವುದಿಲ್ಲ, ನೀವು ನೋಡಿ. ಬದುಕಿದ್ದಾಗ ಹೆಸರು ಹೇಳದ ಹೆಂಗಸಿಗೆ, ಮಗುವಿಗೆ, ಸಾಯುವಾಗ ಇಷ್ಟು ರೂಪಾಯಿ ಎಂದು ಬರೆದಿಟ್ಟವರು ಆ ಕಾಲದಲ್ಲಿ ಇದ್ದರು.

ಬರೆದಿಡದವರೂ ಬೇಕಾದಷ್ಟಿದ್ದರು. ನಿಮ್ಮ ಕಥೆಯಲ್ಲಿ ಮದುವೆಯ ಸುಳಿವಿಲ್ಲ. ದೀಕ್ಷಾಸ್ನಾನವೇ ಆಗದಿದ್ದರೆ ಬೆಳ್ಳವ್ವನ ಹೆಸರು ಯಾವ ದಫ್ತರಿನಲ್ಲೂ ಇರುವುದಿಲ್ಲ. ದೊರೆಯ ಬೇರು ಸ್ಕಾಟ್ಲೆಂಡಿನ ಹಳ್ಳಿಯವರೆಗೆ ಸಿಕ್ಕರೂ, ಅವನೇ ಬೆಳ್ಳವ್ವನ ಅಪ್ಪ ಎನ್ನುವ ಗಂಟನ್ನು ಕಾಗದ ಕಟ್ಟಿಕೊಡದೇ ಹೋಗಬಹುದು. ಅದನ್ನು ಕಟ್ಟಬಲ್ಲದ್ದು ಇವತ್ತಿಗೆ ಡಿಎನ್‌ಎ ಒಂದೇ. ನಿಮಗೆ ಮುತ್ತಜ್ಜ-ಮುತ್ತಜ್ಜಿಯರು ಎಂಟು ಜನ, ಅವರ ತಂದೆ-ತಾಯಂದಿರು ಹದಿನಾರು. ಆ ಹದಿನಾರರಲ್ಲಿ ದೊರೆ ಒಬ್ಬ. ನಿಮ್ಮ ಮೈಯಲ್ಲಿ ಅವನ ಪಾಲು ಸರಾಸರಿ ನೂರಕ್ಕೆ ಆರೂಕಾಲು. ನಿಮ್ಮವ್ವನಲ್ಲಿ ಹನ್ನೆರಡೂವರೆ ಇತ್ತು. ಅವ್ವನ ಒಡಹುಟ್ಟಿದವರು ಯಾರಾದರೂ ಬದುಕಿದ್ದರೆ, ಅವರು ಮನಸಾರೆ ಒಪ್ಪಿದರೆ, ಪರೀಕ್ಷೆಗೆ ಅವರೇ ಸರಿ. ಆ ಪರೀಕ್ಷೆ ದೊರೆಯ ಹೆಸರು ಹೇಳುವುದಿಲ್ಲ, ಇಂಥ ಊರಿನ ಇಂಥವರು ನಿಮಗೆ ದೂರದ ದಾಯಾದಿಗಳು ಎನ್ನುತ್ತದೆ. ಅವರ ವಂಶವೃಕ್ಷದಲ್ಲಿ ಭಾರತಕ್ಕೆ ಹೋದ ಥಾಮಸ್ ಇದ್ದಾನೆಯೇ ಎಂದು ನೋಡಬೇಕು. ಅಲ್ಲಿ ಬೇರೆ ಬೇಡದ ಗುಟ್ಟುಗಳೂ ಹೊರಬೀಳುವುದುಂಟು, ಮನೆಯ ಇನ್ಯಾರದೋ ಗುಟ್ಟು. ಇದಕ್ಕೆ ಅವಸರ ಬೇಡ.

ಡಿಎನ್‌ಎ ಎಂದಾಗ ನನಗೆ ಇನ್ನೊಂದು ಕಾಣುತ್ತದೆ. ಮೈಟೊಕಾಂಡ್ರಿಯಾದ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ. ನಿಮಗೆ ಬಂದದ್ದು ಅವ್ವನಿಂದ, ಅವ್ವನಿಗೆ ಆಯಿಯಿಂದ, ಆಯಿಗೆ ಬೆಳ್ಳವ್ವನಿಂದ, ಬೆಳ್ಳವ್ವನಿಗೆ ಮಣ್ಣು ಹೊರಲು ಹೋದ ಆ ಹೆಣ್ಣುಮಗಳಿಂದ. ದೊರೆಯದು ಆರೂಕಾಲು ಪಾಲು, ಇದು ಪೂರ್ತಿ ಆಕೆಯದೇ. ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ದೊರೆಗೆ ಹೆಸರಿದೆ, ತಪ್ಪೋ ಸರಿಯೋ. ಪುಸ್ತಕದೊಳಗಿನವನಿಗೆ ಹೆಸರಿದೆ. ಬೆಳ್ಳವ್ವನಿಗಿದೆ. ಆಕೆಗೆ ಮಾತ್ರ ಇಲ್ಲ. ಬುಟ್ಟಿ ಹೊತ್ತವಳು ಆಕೆ, ಹೆತ್ತವಳು ಆಕೆ, ಬೆಕ್ಕಿನ ಕಣ್ಣಿನ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರಿನ ಬಾಯಿಗೆ ಎದುರಾಗಿ ನಿಂತು ಬೆಳೆಸಿದವಳು ಆಕೆ. ಅದು ಒಲುಮೆಯೋ, ಹೊಟ್ಟೆಪಾಡೋ, ಬಲಾತ್ಕಾರವೋ ಯಾವ ದಫ್ತರೂ ಹೇಳುವುದಿಲ್ಲ. ನಾನೂ ಊಹಿಸುವುದಿಲ್ಲ, ನೀವೂ ಅದಕ್ಕೊಂದು ಪ್ರೇಮಕಥೆ ಹೆಣೆಯಬೇಡಿ. ಯುರೋಪಿನ ಕಡೆ ಹೊರಟ ನಿಮ್ಮ ಹುಡುಕಾಟದಲ್ಲಿ ಅರ್ಧ ದಾರಿಯಾದರೂ ಆಕೆಯ ಊರಿನ ಕಡೆಗಿರಲಿ.

ಅಣ್ಣನ ಸಿಟ್ಟು ಸುಳ್ಳಲ್ಲ. ಸಂಬಂಧ ನೋಡುವ ಹೊತ್ತಿನಲ್ಲಿ ಊರ ಬಾಯಿಗೆ ಬೀಳಬಾರದೆಂಬ ಅವನ ಭಯ ಈ ಸೀಮೆಯಲ್ಲಿ ಬದುಕಿದವರಿಗೆ ಅರ್ಥವಾಗುತ್ತದೆ. ಮದುವೆ ಮುಗಿಯುವವರೆಗೆ ಮನೆಯ ವಾಟ್ಸಾಪ್ ಗುಂಪಿಗೆ ಏನನ್ನೂ ಹಾಕಬೇಡಿ. ಆದರೆ ಇದರಲ್ಲಿ ತಲೆ ತಗ್ಗಿಸುವಂಥದ್ದೇನಿದೆ ಎಂದು ಅವನಿಗೆ ಕೇಳಬೇಕಾದ ದಿನ ಬಂದರೆ, ನಿಮ್ಮ ನೆರೆಯ ಸುರಪುರದ ಮೆಡೋಸ್ ಟೇಲರ್‌ನ ಮಾತು ತೆಗೆಯಿರಿ. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹುಡುಗನಾಗಿಯೇ ಇಲ್ಲಿಗೆ ಬಂದು, ಸುರಪುರದ ಆಡಳಿತ ನೋಡಿಕೊಂಡವನು. ಈಗಲೂ ಆ ಕಡೆ ಅವನ ಹೆಸರನ್ನು ಗೌರವದಿಂದ ಎತ್ತುತ್ತಾರೆ. ಅವನ ಹೆಂಡತಿ ಮೇರಿ, ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರ್‌ನ ಮಗಳು. ನಿಜಾಮರಿಗೇ ಸಾಲ ಕೊಟ್ಟ ಆ ಪಾಮರ್‌ನ ತಂದೆ ಇಂಗ್ಲಿಷ್ ಜನರಲ್, ತಾಯಿ ಫೈಜ್ ಬಖ್ಷ್ ಎಂಬ ಮುಸಲ್ಮಾನ ಬೇಗಂ. ಜನರಲ್ಲನೂ ಬೇಗಮ್ಮಳೂ ಮಕ್ಕಳೊಂದಿಗೆ ಕೂತ ಚಿತ್ರಪಟ ಲಂಡನ್ನಿನಲ್ಲಿದೆ. ಅವರಿಗೆ ಚಿತ್ರ ಬರೆಸುವಷ್ಟು ದುಡ್ಡಿತ್ತು, ನಿಮ್ಮವರಿಗಿರಲಿಲ್ಲ, ಅಷ್ಟೇ.

ಹುಡುಕಾಟ ಕಾಯಬಹುದು. ಲಂಡನ್ನಿನ ದಫ್ತರುಗಳು ಇನ್ನೂರು ವರ್ಷ ಕಾದಿವೆ, ಇನ್ನೊಂದು ವರ್ಷ ಕಾಯುತ್ತವೆ. ಮುದುಕರು ಕಾಯುವುದಿಲ್ಲ. ಅವ್ವನ ತಂಗಿಯೋ, ಸೋದರಸೊಸೆಯೋ, ಆಯಿಯ ಮಡಿಲಲ್ಲಿ ಆಡಿದವರು ಯಾರಾದರೂ ಮಾನ್ವಿಯಲ್ಲೋ ದೇವದುರ್ಗದಲ್ಲೋ ಉಳಿದಿರಬೇಕಲ್ಲ? ಈ ವಾರವೇ ಒಂದು ದಿನ ಬಸ್ಸು ಹತ್ತಿ. ಪುಸ್ತಕ ಒಯ್ಯಬೇಡಿ, ದೊರೆಯ ಹೆಸರೂ ಎತ್ತಬೇಡಿ, ಎತ್ತಿದರೆ ಬಾಯಿ ಮುಚ್ಚುತ್ತಾರೆ. ಎಲೆ-ಅಡಿಕೆ ಒಯ್ದು, ಮಧ್ಯಾಹ್ನದ ಊಟವಾದ ಮೇಲೆ, ಬೆಳ್ಳವ್ವನ ಅವ್ವನಿಗೆ ಏನಂತ ಕರೀತಿದ್ದರು ಎಂದು ಕೇಳಿ.